‘ಉಕ್ಕು’ ಶಬ್ದವೂ ಮೂಸೆಯ ಪಾಕವೂ

ಐರೋಪ್ಯ ಲೋಹಶಾಸ್ತ್ರಗ್ರಂಥಗಳಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾದ ಲೋಹವು ನಮ್ಮ ಉಕ್ಕೇ ಎಂಬುದು ವಿದ್ವಜ್ಜನರಿಗೆ ಅವಿದಿತವಲ್ಲ. ಮುಂಬಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಕಳುಹಿಸಿದ ಗಟ್ಟಿಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್, 1795ರ ತನ್ನ ಲೇಖನದ ಶಿರೋನಾಮದಲ್ಲಿಯೇ ಅದನ್ನು ಮುಂಬಯಿಯಲ್ಲಿ ತಯಾರಾದುದೆಂದು ಬರೆದನು. ಹಡಗನ್ನೇರಿದ ಊರೇ ಹುಟ್ಟೂರಾಯಿತು! ಶಬ್ದವಾದರೋ ಕನ್ನಡ ತೆಲುಗು ನಾಡುಗಳ ಕಡೆಗೆ ಬೆರಳು ತೋರಿಸುತ್ತದೆ.

ಈ ಶಬ್ದವನ್ನು ಹಾಲು ಉಕ್ಕುವುದರೊಡನೆ ಹೊಂದಿಸಿ ಅರ್ಥಹೇಳುವುದು ಸಾಧುವಲ್ಲ. ಇದರ ಪೂರ್ವರೂಪ ‘ಉರ್ಕು’. ತಮಿಳಿನಲ್ಲಿ ‘ಉರುಕು’ ಎಂದರೆ ಕರಗು. ‘ಉರುಕ್ಕು’ ಎಂದರೆ ಕರಗಿಸಿದ್ದು, ಉಕ್ಕು. ಆದುದರಿಂದ ಕರಗಿದ ಲೋಹವೆಂಬುದೇ ಧಾತ್ವರ್ಥವೆಂದು ಗ್ರಹಿಸತಕ್ಕದ್ದು. ವಸ್ತುವಿಚಾರವೂ ಇದಕ್ಕೆ ಅನುಕೂಲವಾಗಿದೆ. ಹಳೆಯ ತಿದಿಯ ಕುಲುಮೆಗಳಲ್ಲಿ ಅದಿರಿನಿಂದ ದೊರೆಯುತ್ತಿದ್ದ ಕಬ್ಬಿಣವು ದ್ರವವಾಗುತ್ತಿರಲಿಲ್ಲ. ಮೆತ್ತನೆಯ ಮುದ್ದೆಯಾಗಿ ಹೊರಬಂದು ಬಡಿಗೆಗೆ ಸಿಕ್ಕುತ್ತಿತ್ತು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಯನ್ನೂ ಹಸಿಯೆಲೆಗಳನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಇದ್ದಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದ ಕ್ರಮವನ್ನು ವರ್ಣಿಸಿದ್ದಾನೆ. ಮುಚ್ಚಿದ ಮೂಸೆಯೊಳಗೆ ಆ ಕಡ್ಡಿ ಕರಿಕಾಗಿ, ಅದರ ಇಂಗಾಲವು ಕಬ್ಬಿಣವನ್ನು ಸೇರಿ ಕರಗುವ ಉಷ್ಣಮಾನವನ್ನು ತಗ್ಗಿಸುತ್ತಿತ್ತು. ‘ಮೂಸೆ’ಯು ಸಂಸ್ಕೃತ ‘ಮೂಷಾ’ ಶಬ್ದದ ತದ್ಭವ. ರಸರತ್ನಸಮುಚ್ಚಯದಲ್ಲಿ ಮೂಷಾಭೇದಗಳ ವಿಸ್ತಾರವಾದ ನಿರೂಪಣವೇ ಉಂಟು. ಆದರೆ ಈ ಪಾಕವನ್ನು ಬಲ್ಲ ಕುಲುಮೆಯವರ ಹೆಸರನ್ನು ಪಿಯರ್ಸನ್ ಆಗಲಿ, 1820ರಲ್ಲಿ ವೂಟ್ಸನ್ನು ಅನುಕರಿಸಲೆತ್ನಿಸಿದ ಸ್ಟೋಡಾರ್ಟ್, ಫ್ಯಾರಡೆಯರಾಗಲಿ ಕೇಳಿದವರಲ್ಲ.

ಮೂಸೆಯಲ್ಲಿ ಉಷ್ಣವು ಹೊರಗಿನಿಂದ ಒಳಕ್ಕೆ ಹೋಗಬೇಕು. ಮೈಕ್ರೋವೇವ್ ಎಂಬ ಸೂಕ್ಷ್ಮತರಂಗಗಳಲ್ಲಿ ಕ್ರಮವು ಬೇರೆ. ಅವನ್ನು ಹೀರುವ ದ್ರವ್ಯವು ತನ್ನೊಳಗೇ ಕಾಯುತ್ತದೆ. ಇಡಿಯ ಲೋಹವು ಅವನ್ನು ಕನ್ನಡಿಯಂತೆ ಹಿಂದಟ್ಟುವುದು. ಇಂಗಾಲದ ಹುಡಿಯು ಹೀರಿ ಬೇಗನೆ ಕೆಂಪಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಮತ್ತು ಅವರ ಸಹಚರರು 1990ರ ದಶಕದಲ್ಲಿ ಈ ತರಂಗಗಳಿಂದ ಸಿಲಿಕಾನ್ ಕಾರ್ಬೈಡ್ ಮೊದಲಾದ ಘನದ್ರವ್ಯಗಳನ್ನು ಸಿದ್ಧಪಡಿಸಿದರು. ಮೂಸೆಯ ತಂಗಡಿಕಡ್ಡಿಯ ಬಳಗ ಇಲ್ಲಿಯೂ ಬಂದಿತು. 1999ರಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯದಲ್ಲಿ ರುಸ್ತುಂ ರಾಯ್, ದಿನೇಶ್ ಅಗರವಾಲ್ ಮೊದಲಾದವರು ಒತ್ತಿ ಅಚ್ಚಾದ ಲೋಹದ ಹುಡಿಯೂ ಈ ತರಂಗಗಳನ್ನು ಹೀರಿ ಬೆಸೆದುಕೊಳ್ಳುವುದೆಂದು ತೋರಿಸಿದರು.

ಹಾಗೆ ಕರಗದೆಯೇ ಬೆಸೆದು ಗಟ್ಟಿಯಾದ ಕಬ್ಬಿಣಮಿಶ್ರಣಕ್ಕೆ ‘ಉಕ್ಕು’ ಎಂಬ ಹೆಸರು ಯೋಗಾರ್ಥದಿಂದ ಸಲ್ಲದು, ರೂಢಿಯಿಂದ ಮಾತ್ರ ಸಲ್ಲುವುದು.