ಸ್ಪ್ರೇ ಹಾಯಿದೋಣಿಯ ಜೀರ್ಣೋದ್ಧಾರ

ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ದಕ್ಷಿಣ ಕರಾವಳಿಯಲ್ಲಿ, ಅಕುಶ್ನೆಟ್ ನದಿಯ ಅಳಿವೆಯ ಎರಡು ದಡಗಳಲ್ಲಿ ನ್ಯೂ ಬೆಡ್‌ಫರ್ಡ್ ಮತ್ತು ಫೇರ್‌ಹೇವನ್ ಎಂಬ ಎರಡು ಊರುಗಳು ಎದುರುಬದುರಾಗಿ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜಗತ್ತಿನ ತಿಮಿಂಗಿಲ ಬೇಟೆಯ ದೊಡ್ಡ ಪಾಲು ಈ ಅಳಿವೆಯಿಂದಲೇ ನಡೆಯುತ್ತಿತ್ತು. 1857ರಲ್ಲಿ ನ್ಯೂ ಬೆಡ್‌ಫರ್ಡ್ ಒಂದರಲ್ಲೇ 329 ಬೇಟೆ ಹಡಗುಗಳಿದ್ದವು, ಕಾದಂಬರಿಕಾರ ಹರ್ಮನ್ ಮೆಲ್ವಿಲ್ 1841ರಲ್ಲಿ ನಾವಿಕನಾಗಿ ಹೊರಟದ್ದು ಫೇರ್‌ಹೇವನ್‌ನ ಹಡಗೊಂದರಲ್ಲಿ. 1859ರಲ್ಲಿ ಪೆನ್ಸಿಲ್ವೇನಿಯದ ನೆಲದಿಂದ ಕಲ್ಲೆಣ್ಣೆ ತೆಗೆದ ಮೇಲೆ ದೀಪಕ್ಕೆ ತಿಮಿಂಗಿಲದ ಎಣ್ಣೆಯ ಅಗತ್ಯ ಕಡಿಮೆಯಾಯಿತು, ಅಂತರ್ಯುದ್ಧದಲ್ಲಿ ಹಳೆಯ ಬೇಟೆ ಹಡಗುಗಳಿಗೆ ಕಲ್ಲು ತುಂಬಿ ದಕ್ಷಿಣದ ಬಂದರುಗಳ ಬಾಯಲ್ಲಿ ಮುಳುಗಿಸಲಾಯಿತು, 1871ರಲ್ಲಿ ಆರ್ಕ್‌ಟಿಕ್ ಹಿಮದಲ್ಲಿ ಸಿಕ್ಕಿಬಿದ್ದ 33 ಹಡಗುಗಳನ್ನು ಬಿಟ್ಟು ನಾವಿಕರು ಜೀವ ಉಳಿಸಿಕೊಂಡು ಬಂದರು. ಹೀಗೆ ಕಸುಬು ಕರಗಿದರೂ ಅದನ್ನು ಬಲ್ಲ ಜನ ಮಾತ್ರ ಊರಿನಲ್ಲೇ ಉಳಿದರು. ಜೋಶುವ ಸ್ಲೋಕಮ್ ಎಂಬ ಕಪ್ತಾನನು 1892ರ ಚಳಿಗಾಲದ ನಂತರ ಫೇರ್‌ಹೇವನ್‌ನ ಹೊಲದಲ್ಲಿ ಹಳೆಯ ದೋಣಿಯೊಂದನ್ನು ಎತ್ತಿ ನಿಲ್ಲಿಸಿದ ಕತೆಯನ್ನು ಒಬ್ಬ ಸಾಹಸಿಗನ ಹಟದ ಕತೆಯೆಂದೇ ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಮುಗಿಯುತ್ತಾ ಬಂದಿದ್ದ ಒಂದು ಕಸುಬಿನ ತಿಳಿವಳಿಕೆ ಆ ದೋಣಿಯ ಒಡಲಲ್ಲಿ ಎಷ್ಟರಮಟ್ಟಿಗೆ ಕೂಡಿಕೊಂಡಿತು ಎಂಬುದನ್ನು ನೋಡಿದರೆ ಅದು ಊರಿನ ಕತೆಯೂ ಹೌದು.

ಸ್ಲೋಕಮ್ 1844ರಲ್ಲಿ ಕೆನಡದ ನೋವ ಸ್ಕೋಷಿಯದಲ್ಲಿ ಹುಟ್ಟಿ, ಹಾಯಿಹಡಗುಗಳಲ್ಲೇ ಬೆಳೆದು ಕಪ್ತಾನನಾದವನು. ಉಗಿಹಡಗುಗಳು ಸಾಗಾಟವನ್ನು ಒಂದೊಂದಾಗಿ ಕಸಿದುಕೊಳ್ಳುತ್ತಿದ್ದ ಕಾಲದಲ್ಲಿ ಅವನ ಸ್ವಂತ ಹಡಗು ಅಕ್ವಿಡ್ನೆಕ್ 1887ರ ಕೊನೆಯಲ್ಲಿ ಬ್ರೆಜಿಲ್ ಕರಾವಳಿಯಲ್ಲಿ ನೆಲಕ್ಕೆ ತಗುಲಿ ನಾಶವಾಯಿತು. ಆಗ ಅವನು ಅಲ್ಲಿಯೇ 35 ಅಡಿಯ ದೋಣಿಯೊಂದನ್ನು ಕಟ್ಟಿ, ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ 1888ರ ಮೇ 13ರಂದೇ ಅದನ್ನು ನೀರಿಗಿಳಿಸಿ, ಲಿಬರ್ಡಾಡೆ ಎಂದು ಹೆಸರಿಟ್ಟು, ಹೆಂಡತಿ ಮಕ್ಕಳೊಡನೆ ಅದರಲ್ಲೇ ಅಮೆರಿಕಕ್ಕೆ ಮರಳಿದನು. ಮರಳಿದವನಿಗೆ ನಡೆಸಲು ಹಡಗು ಸಿಗಲಿಲ್ಲ. ಬಾಸ್ಟನ್ನಿನಲ್ಲಿ ಕೆಲಸ ಹುಡುಕುತ್ತಿದ್ದಾಗ ಅವನಿಗೆ ಎದುರಾದ ಎಬೆನ್ ಪಿಯರ್ಸ್ ಎಂಬ ತಿಮಿಂಗಿಲ ಬೇಟೆಯ ಹಳೆಯ ಕಪ್ತಾನನು, ಫೇರ್‌ಹೇವನ್‌ಗೆ ಬಂದರೆ ಹಡಗೊಂದನ್ನು ಕೊಡುವೆನೆಂದೂ ಅದಕ್ಕೆ ಕೊಂಚ ದುರಸ್ತಿ ಬೇಕಾದೀತೆಂದೂ ಹೇಳಿದನು.

ಅಲ್ಲಿ ಸಿಕ್ಕಿದ್ದು ನೀರಿನಿಂದ ದೂರದ ಹೊಲವೊಂದರಲ್ಲಿ, ಆಸರೆ ಮರಗಳ ಮೇಲೆ ಟಾರ್ಪಾಲಿನ ಮರೆಯಲ್ಲಿ ಸುಮಾರು ಏಳು ವರ್ಷದಿಂದ ಕುಳಿತಿದ್ದ ಸ್ಪ್ರೇ ಎಂಬ ಹಳೆಯ ಸ್ಲೂಪ್. ಒಂದೇ ಹಾಯಿಕಂಬವಿದ್ದು, ಹಿಂದಕ್ಕೆ ದೊಡ್ಡ ಹಾಯಿಯೂ ಮುಂದಕ್ಕೆ ಚಿಕ್ಕ ಹಾಯಿಯೂ ಇರುವ ದೋಣಿಗೆ ಸ್ಲೂಪ್ ಎನ್ನುತ್ತಾರೆ. ಅದು ಹಿಂದೆ ಡೆಲವೇರ್ ಕರಾವಳಿಯಲ್ಲಿ ಸಿಂಪಿ ಹೆಕ್ಕುವ ದೋಣಿಯಾಗಿತ್ತೆಂಬ ಮಾತಿತ್ತೇ ಹೊರತು ಎಲ್ಲಿ ಯಾವಾಗ ಕಟ್ಟಿದ್ದೆಂಬುದಕ್ಕೆ ದಾಖಲೆಯಿರಲಿಲ್ಲ. ಹೊಸಬನೊಬ್ಬ ಅದರ ಬಗ್ಗೆ ವಿಚಾರಿಸಿಕೊಂಡು ಬಂದಾಗ, ಕೊನೆಗೂ ಅದನ್ನು ಒಡೆಯುವವನು ಬಂದನೆಂದೇ ಊರವರು ಭಾವಿಸಿದರು. ಒಡೆಯುವುದಿಲ್ಲ, ಕಟ್ಟುತ್ತೇನೆ ಎಂದಾಗ ಅವರು ಬೆರಗಾಗಿ, ಅದರಿಂದ ಲಾಭವಿದೆಯೇ ಎಂದು ಕೇಳತೊಡಗಿದರು, ವರ್ಷಕ್ಕೂ ಮಿಕ್ಕಿ ಕೇಳುತ್ತಲೇ ಇದ್ದರು. ಮರದ ಹಡಗುಗಳನ್ನು ಕಟ್ಟಿಯೇ ಬದುಕಿದ ಊರಿನವರಿಗೇ ಅಂಥ ಕೆಲಸ ಲಾಭದ್ದಲ್ಲವೆಂದು ತೋರಿತೆಂಬುದು ಆ ಕಾಲದ ಸ್ಥಿತಿಯನ್ನು ಲೆಕ್ಕಪುಸ್ತಕಕ್ಕಿಂತ ಸ್ಪಷ್ಟವಾಗಿ ತಿಳಿಸುತ್ತದೆ.

ಹತ್ತಿರದಲ್ಲೇ ಕಡಿದ ಗಟ್ಟಿಮುಟ್ಟಾದ ಓಕ್ ಮರ ಕೀಲ್ ಆಯಿತು. ಕೀಲ್ ಎಂದರೆ ದೋಣಿಯ ತಳದ ಉದ್ದಕ್ಕೂ ಚಾಚಿ, ಮಿಕ್ಕೆಲ್ಲ ಮರಗಳನ್ನು ಹೊರುವ ಅಡಿಮರ. ಹೊವರ್ಡ್ ಎಂಬ ರೈತನು ಅಲ್ಪ ಹಣಕ್ಕೆ ಅದನ್ನೂ ಚೌಕಟ್ಟಿಗೆ ಬೇಕಾದ ಇತರ ಮರಗಳನ್ನೂ ಎಳೆದು ತಂದುಕೊಟ್ಟನು. ದೋಣಿಯ ಪಕ್ಕೆಲುಬುಗಳಿಗೆ ನೇರವಾಗಿ ಬೆಳೆದ ಎಳೆಯ ಮರಗಳನ್ನು ಆರಿಸಿ, ಕೆತ್ತಿ, ಹಬೆಪೆಟ್ಟಿಗೆಯಲ್ಲಿಟ್ಟು ಬೇಯಿಸಲಾಯಿತು; ಹಬೆಯ ಬಿಸಿಗೆ ಮರದ ನಾರುಗಳನ್ನು ಹಿಡಿದಿಡುವ ಸಹಜವಾದ ಅಂಟು ಮೆದುವಾಗುವುದರಿಂದ, ಹೊರತೆಗೆದ ಕೂಡಲೇ ಮರವನ್ನು ದಿಮ್ಮಿಯೊಂದರ ಮೇಲೆ ಬಾಗಿಸಿ ಕಟ್ಟಿ, ಆರಿ ಗಟ್ಟಿಯಾಗುವವರೆಗೆ ಬಿಟ್ಟರೆ, ಆ ಬಾಗು ಹಾಗೆಯೇ ಉಳಿಯುತ್ತದೆ. ಮೂತಿಮರಕ್ಕೆ, ಎಂದರೆ ನೀರನ್ನು ಸೀಳುವ ಮುಂಗಂಬಕ್ಕೆ, ಆರಿಸಿದ್ದು ಹುಲ್ಲುಗಾವಲಿನಲ್ಲಿ ಬೆಳೆದ ಓಕ್ ಮರದ ಬುಡ. ಕಾಡಿನ ಇಕ್ಕಟ್ಟಿನಲ್ಲಿ ಬೆಳಕಿಗಾಗಿ ನೆಟ್ಟಗೆ ಏರುವ ಮರಕ್ಕಿಂತ, ಬಯಲಿನಲ್ಲಿ ಗಾಳಿಗೆ ಮೈಯೊಡ್ಡಿ ಬೆಳೆದ ಮರದ ಬುಡ ಹೆಚ್ಚು ಗಡುಸಾಗಿರುತ್ತದೆಂಬುದು ಬಡಗಿಗಳ ಅನುಭವ. ಮುಂದೆ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಲ್ಲಿ ಈ ಮೂತಿಮರ ಹವಳದ ಬಂಡೆಯೊಂದನ್ನು ಇಬ್ಭಾಗಿಸಿಯೂ ತಾನು ಗಾಯಗೊಳ್ಳಲಿಲ್ಲವೆಂದು ಸ್ಲೋಕಮ್ ದಾಖಲಿಸಿದ್ದಾನೆ.

ಈ ಮೂತಿಮರ ಕೀಲಿನ ಮೇಲೆ ನಿಂತ ದಿನ ದೂರದೂರದಿಂದ ತಿಮಿಂಗಿಲ ಬೇಟೆಯ ಕಪ್ತಾನರು ನೋಡಲು ಬಂದರು. ಎರಡು ಪಕ್ಕಗಳನ್ನು ಮೂತಿಯ ಒಳಗಡೆ ಬಿಗಿದು ಹಿಡಿಯುವ ಕೊಕ್ಕೆಯಾಕಾರದ ಮರಗಳನ್ನು ಕೂರಿಸಿದಾಗ ಅವರಲ್ಲಿ ಅತ್ಯಂತ ಹಿರಿಯನು ಸ್ಲೋಕಮ್‌ನ ಕೈಕುಲುಕಿ, ಈ ದೋಣಿ ಗ್ರೀನ್‌ಲೆಂಡಿನ ಹಿಮದಲ್ಲೂ ತಿಮಿಂಗಿಲದ ಬೆನ್ನುಹತ್ತಬಲ್ಲದೆಂದನು. ತಮ್ಮ ಹಡಗುಗಳನ್ನು ಕಳೆದುಕೊಂಡ ಈ ಮುದುಕರು ದಿನವೂ ಬಂದು ಕುಳಿತು, ಹೊಗಳಿ, ಶಂಕಿಸಿ, ಸಲಹೆ ಕೊಟ್ಟರು. ಪರಿಷತ್ತೊಂದು ತಾನಾಗಿ ಕೂಡಿದಂತೆ ಕೆಲಸ ಅವರ ಕಣ್ಣೆದುರಿನಲ್ಲೇ ಸಾಗಿತು.

ಹಲಗೆಗಳು ಒಂದೂವರೆ ಅಂಗುಲ ದಪ್ಪದ ಜಾರ್ಜಿಯ ಪೈನ್ ಮರದವು. ಎರಡು ಹಲಗೆಗಳ ಒಳ ಅಂಚುಗಳು ಬೆಳಕು ಕೂಡ ನುಸುಳದಂತೆ ಕೂಡಿಕೊಳ್ಳಬೇಕು, ಹೊರ ಅಂಚುಗಳು ಮಾತ್ರ ಕೊಂಚ ಬಾಯ್ದೆರೆದಿರಬೇಕು, ಏಕೆಂದರೆ ಸಂದುಗಳನ್ನು ನೀರಿಗೆ ಮುಚ್ಚುವ ವಸ್ತುವನ್ನು ಉಳಿ ಮತ್ತು ಕೊಡತಿಯಿಂದ ಹೊಡೆದು ತುಂಬುವುದು ಆ ಬಾಯಿಗೇ. ಹಲಗೆಯ ತುದಿಗಳನ್ನು ಪಕ್ಕೆಲುಬುಗಳಿಗೆ ಆರಪಾರ ಬೋಲ್ಟು ಹಾಕಿ ಬಿಗಿಯಲಾಯಿತು; ಇಡೀ ದೋಣಿಗೆ ಇಂಥ ಸುಮಾರು ಒಂದು ಸಾವಿರ ಬೋಲ್ಟುಗಳು ಬಿದ್ದವು. ಸಂದು ತುಂಬುವ ಹೊತ್ತಿಗೆ ಚರ್ಚೆ ಬಿಸಿಯೇರಿತು. ಮೊದಲು ಹತ್ತಿಯ ಎಳೆಯನ್ನು ತುಂಬಿದ್ದನ್ನು ಕಂಡು ಒಬ್ಬ ಕಪ್ತಾನನು ಹತ್ತಿ ಸಂದಿನಿಂದ ತೆವಳಿ ಹೊರಬರುತ್ತದೆಂದು ಎಚ್ಚರಿಸಿದನು. ಎಷ್ಟೋ ತಿಮಿಂಗಿಲಗಳ ಬೆನ್ನಿಗೆ ಕಟ್ಟಿಕೊಂಡು ಸಮುದ್ರದ ಮೇಲೆ ಎಳೆದಾಡಿಸಿಕೊಂಡಿದ್ದ ಇನ್ನೊಬ್ಬನು, ಅದು ಎಷ್ಟು ವೇಗವಾಗಿ ತೆವಳುತ್ತದೆಂದು ಹೇಳಿದರೆ ಅಷ್ಟರೊಳಗೆ ಬಂದರು ಸೇರಬಹುದಲ್ಲ ಎಂದು ಕೇಳಿದನು. ಸ್ಲೋಕಮ್ ಮೊದಲೇ ಯೋಚಿಸಿದ್ದಂತೆ ಹತ್ತಿಯ ಮೇಲೆ ಓಕಮ್ ಎಂಬ ಹಳೆಯ ಹಗ್ಗದ ಟಾರು ಮೆತ್ತಿದ ನಾರನ್ನು ತುಂಬಿದನು, ಹತ್ತಿ ತೆವಳಲಿಲ್ಲ. ಡೆಕ್ಕಿನ ಅಂಚಿನ ಮರವನ್ನು ತೂರಿ ಮೇಲೆದ್ದ ಬಿಳಿ ಓಕ್ ಗೂಟಗಳ ಸುತ್ತ ಅವನು ಸೀಡರ್ ಮರದ ತೆಳು ಬೆಣೆಗಳನ್ನು ಹೊಡೆದು ಬಿಗಿದದ್ದೂ ಇಂಥದ್ದೇ ಜಾಣ್ಮೆ. ಆ ಜಾಗಗಳು ಎಂದೂ ಸೋರಲಿಲ್ಲ. ತಳಕ್ಕೆ ತಾಮ್ರದ ಬಣ್ಣದ ಎರಡು ಕೋಟು, ಮೇಲ್ಮೈಗೆ ಸೀಸದ ಬಿಳಿಯ ಎರಡು ಕೋಟು ಬಿದ್ದವು.

ಈ ಎಲ್ಲ ಕೆಲಸದ ಉದ್ದಕ್ಕೂ ಹಳೆಯ ದೋಣಿಯೇ ಹೊಸದಕ್ಕೆ ಅಚ್ಚಾಗಿತ್ತು ಎಂಬುದನ್ನು ಒತ್ತಿ ಹೇಳಬೇಕು. ಹಳೆಯ ಮರವೊಂದು ಕಳಚಿದ ಜಾಗಕ್ಕೆ ಅದೇ ಆಕಾರದ ಹೊಸ ಮರ ಬಂದಿತು. ಹೀಗೆ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಹುಟ್ಟಿತೆಂಬುದು ಕಟ್ಟಿದವನಿಗೂ ಹೇಳಲಾಗಲಿಲ್ಲ. ಪೂರ್ತಿ ಹೊಸದಾಗುವವರೆಗೆ ದುರಸ್ತಿ ಮಾಡಿದರೂ ಹಡಗು ಹಳೆಯ ಹೆಸರಿನಲ್ಲೇ ಉಳಿಯುತ್ತದೆಂಬ, ಹಡಗು ವಿಮೆಗೆ ಹೆಸರಾದ ಲಾಯ್ಡ್ಸ್‌ನ ರೂಢಿಯನ್ನು ನೆನೆದು ಸ್ಲೋಕಮ್ ಸಮಾಧಾನಗೊಂಡನು. ಆದರೂ ಇದು ಕುರುಡು ನಕಲಾಗಿರಲಿಲ್ಲ. ಸಿಂಪಿ ದೋಣಿಯ ಬದಿಗಳು ದಂಡೆಯ ನೀರಿನಲ್ಲಿ ಸರಕನ್ನು ಒಳಗೆಳೆದುಕೊಳ್ಳಲು ಅನುಕೂಲವಾಗುವಂತೆ ತಗ್ಗಾಗಿರುತ್ತವೆ, ಆದರೆ ಮಹಾಸಾಗರದ ಅಲೆಗಳಿಗೆ ತಗ್ಗು ಬದಿ ಸಾಲದು. ಅದಕ್ಕಾಗಿ ಅವನು ಬದಿಗಳನ್ನು ನಡುವೆ 12, ಮುಂದೆ 18, ಹಿಂದೆ 14 ಅಂಗುಲ ಎತ್ತರಿಸಿದನು. ಆಗಿನ ಅಳತೆಗಳು ಹೀಗಿವೆ: ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ, ಒಳ ಆಳ 4 ಅಡಿ 2 ಅಂಗುಲ. ಸಾಮಗ್ರಿಗೆ ತಗುಲಿದ್ದು 553 ಡಾಲರ್ 62 ಸೆಂಟು, ದುಡಿಮೆ 13 ತಿಂಗಳು. ನಡುನಡುವೆ ಬಂದರಿಗೆ ಬಂದ ಬೇಟೆ ಹಡಗುಗಳ ಕೆಲಸಕ್ಕೂ ಅವನು ಹೋಗುತ್ತಿದ್ದನು. ಸಾಯುತ್ತಿದ್ದ ಕಸುಬೇ ತನ್ನ ಕೊನೆಯ ಕೂಲಿಯಿಂದ ಈ ದೋಣಿಗೆ ನೆರವಾಯಿತು.

ಸಜ್ಜುಗೊಳಿಸುವ ಕೆಲಸ ಇದಕ್ಕಿಂತ ಬಡತನದ್ದು. ಹಾಯಿಕಂಬ ನ್ಯೂ ಹ್ಯಾಂಪ್‌ಶೈರಿನ ಸ್ಪ್ರೂಸ್ ಮರದ್ದು. ಡೆಕ್ಕಿನ ಮೇಲೆ ಸುಮಾರು ಮೂರಡಿ ಎತ್ತರಕ್ಕೆದ್ದ ಎರಡು ಕೋಣೆಗಳಲ್ಲಿ ಒಂದು ಅಡುಗೆಗೆ, ಇನ್ನೊಂದು ವಾಸಕ್ಕೆ. ಜೀವರಕ್ಷಕ ದೋಣಿಗೆ ಡೆಕ್ಕಿನಲ್ಲಿ ಜಾಗವಿಲ್ಲದ್ದರಿಂದ ಗ್ಲೌಸ್ಟರ್ ಬಂದರಿನಲ್ಲಿ ಡೋರಿಯೆಂಬ ಮೀನುಗಾರಿಕೆಯ ಚಿಕ್ಕ ದೋಣಿಯೊಂದನ್ನು ನಡುವೆ ಗರಗಸದಿಂದ ಕೊಯ್ದು, ಕೊಯ್ದ ಕಡೆ ಹಲಗೆ ಹೊಡೆದು, ಆ ಅರ್ಧವನ್ನೇ ಹೊತ್ತೊಯ್ಯಲಾಯಿತು. ಸಮುದ್ರದಲ್ಲಿ ರೇಖಾಂಶವನ್ನು ಕಂಡುಕೊಳ್ಳಲು ಬೇಕಾಗುವ ಕರಾರುವಾಕ್ಕಾದ ಗಡಿಯಾರವನ್ನು ಶುಚಿಗೊಳಿಸಲು 15 ಡಾಲರ್ ಕೇಳಿದ್ದರಿಂದ ಅದನ್ನು ಬಿಟ್ಟು, ನೋವ ಸ್ಕೋಷಿಯದ ಯಾರ್ಮತ್‌ನಲ್ಲಿ ಗಾಜೊಡೆದಿದ್ದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡುಕೊಳ್ಳಲಾಯಿತು. ಸ್ಪ್ರೇ ಬಾಸ್ಟನ್ನಿನಿಂದ ಹೊರಟದ್ದು 1895ರ ಏಪ್ರಿಲ್ 24ರಂದು, ನ್ಯೂಪೋರ್ಟಿಗೆ ಮರಳಿದ್ದು 1898ರ ಜೂನ್ 27ರಂದು. ನಡುವೆ 46,000 ಮೈಲಿಗೂ ಮೀರಿದ ಆ ಪ್ರಯಾಣ ಒಬ್ಬನೇ ಭೂಮಿಯನ್ನು ಹಾಯಿಯಲ್ಲಿ ಸುತ್ತಿದ ಮೊದಲ ಪ್ರಯಾಣ.

ದುರಸ್ತಿ ಹೊರಟ ದಿನಕ್ಕೆ ನಿಲ್ಲಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನು ಏಳು ಅಡಿ, ಮೂತಿಯಿಂದ ಮುಂಚಾಚಿದ ಕಂಬವನ್ನು ಸುಮಾರು ಐದು ಅಡಿ ಮೊಟಕುಗೊಳಿಸಿದ ಸ್ಲೋಕಮ್, ಮೆಗೆಲನ್ ಜಲಸಂಧಿಯ ಬಿರುಗಾಳಿಗಳ ನಡುವೆ ಹಿಂಭಾಗದಲ್ಲಿ ಪುಟ್ಟ ಕಂಬವೊಂದನ್ನು ನಿಲ್ಲಿಸಿ ಎರಡನೆಯ ಹಾಯಿ ಕಟ್ಟಿದನು. ಇದರಿಂದ ಸಮತೋಲ ಎಷ್ಟು ಚೆನ್ನಾಯಿತೆಂದರೆ, ಆಸ್ಟ್ರೇಲಿಯದ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಯನ್ನು 23 ದಿನಗಳಲ್ಲಿ ದಾಟುವಾಗ ಅವನು ಚುಕ್ಕಾಣಿ ಹಿಡಿದದ್ದು ಸುಮಾರು ಮೂರೇ ಗಂಟೆ. ದೋಣಿ ಮಗುಚದಂತೆ ತಳದಲ್ಲಿ ಇಡುವ ಅಡಿಭಾರಕ್ಕೆ ಹೊರಡುವಾಗ ಸಿಮೆಂಟಿತ್ತು. ಕೀಲಿಂಗ್‌ನಲ್ಲಿ ಅದರ ಬದಲು ದೈತ್ಯ ಚಿಪ್ಪುಗಳು ಬಂದವು.

ಪ್ರಯಾಣದ ನಂತರ ಅಳೆದು ಬರೆದ ಸ್ಪ್ರೇಯ ರೇಖಾಚಿತ್ರ ಆ ಪ್ರಯಾಣದ ಬಗೆಗಿನ ಸ್ಲೋಕಮ್‌ನ ಪುಸ್ತಕದ ಕೊನೆಯಲ್ಲಿ ಅಚ್ಚಾದ ಮೇಲೆ ಹಲವರು ಅದರಂತೆಯೇ ದೋಣಿ ಕಟ್ಟತೊಡಗಿದರು. ಅಂಥ ಪಂಡೋರ ಎಂಬ ದೋಣಿ 1910ರಲ್ಲಿ ಆಸ್ಟ್ರೇಲಿಯದಿಂದ ಹೊರಟು ಕೇಪ್ ಹಾರ್ನ್ ಸುತ್ತಿತು. 1930ರ ದಶಕದಲ್ಲಿ ಸ್ಟ್ರೌಟ್ ದಂಪತಿ ಇಗ್ಡ್ರಸಿಲ್ ಎಂಬ ಇನ್ನೊಂದರಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅಗಲವಾದ ಒಡಲೂ ಒಳಗಷ್ಟೇ ಇಟ್ಟ ಅಡಿಭಾರವೂ ಒಂದು ಮಿತಿಯ ನಂತರ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಗೊಡವೆಂದು ಆಕ್ಷೇಪಿಸಿದವರೂ ಇದ್ದಾರೆ, ಆ ಆಕ್ಷೇಪಕ್ಕೆ ಆಧಾರವಿದೆ. ಮೂಲ ಸ್ಪ್ರೇಯ ಕೊನೆಯ ವರ್ಷಗಳಲ್ಲಿ ಮಾತ್ರ, ಹಿಂದೆ ಅಷ್ಟು ಜತನದಿಂದ ನಡೆದಿದ್ದ ದುರಸ್ತಿ ಸಡಿಲಾಯಿತು. ಆಗ ಅದನ್ನು ಕಂಡವರು ಹಗ್ಗಗಳೂ ಹಾಯಿಗಳೂ ಸವೆದಿದ್ದವೆಂದೂ ಆರೈಕೆ ಸಾಲದಾಗಿತ್ತೆಂದೂ ಬರೆದಿದ್ದಾರೆ. ಅದೇ ಸ್ಥಿತಿಯಲ್ಲಿ ಸ್ಲೋಕಮ್ 1908 ಇಲ್ಲವೇ 1909ರ ಚಳಿಗಾಲದ ಆರಂಭದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಿಂದ ದಕ್ಷಿಣಕ್ಕೆ ಹಾಯಿ ಬಿಚ್ಚಿದನು. ಅವನಾಗಲಿ ಸ್ಪ್ರೇಯ ಒಂದು ಹಲಗೆಯಾಗಲಿ ಮತ್ತೆ ಸಿಗಲಿಲ್ಲ.