ಹಿಂದೂಪುರದಿಂದ ಹೊರಟ ‘ಪೌರವಾಣಿ’

ದಾವಣಗೆರೆಯ ಪಿ.ಜೆ. ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ಪ್ರಿನ್ಸ್ ಜಯಚಾಮರಾಜರು 1947ರಲ್ಲಿ ಮೈಸೂರಿನ ಮಹಾರಾಜರು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನಕ್ಕೆ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬರಲಿಲ್ಲ. ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಕಾಂಗ್ರೆಸ್ ಹೂಡಿದ ‘ಮೈಸೂರು ಚಲೋ’ ಕಾವೇರಿತು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರ ‘ಪೌರವಾಣಿ’ ಈ ಚಳವಳಿಯ ಪರ ನಿಂತ ಪತ್ರಿಕೆ.

ಮೈಸೂರಿನಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವುದು ಹೊಸತಲ್ಲ. ದಿವಾನ್ ವಿ.ಪಿ. ಮಾಧವರಾಯರ ಕಾಲದ 1908ರ ಪತ್ರಿಕಾ ಶಾಸನವನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದರು. 1947ರಲ್ಲಿ ಪೌರವಾಣಿಗೆ ಬಂದ ಆಜ್ಞೆ: ಅಚ್ಚಿಗೆ ಮುನ್ನ ಬರಹಗಳನ್ನು ಸರ್ಕಾರಕ್ಕೆ ತೋರಿಸಬೇಕು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಇದರ ಪೆಟ್ಟು ದೊಡ್ಡದು. ಒಂದು ಸುದ್ದಿಗೆ ಕತ್ತರಿ ಬಿದ್ದರೆ ಪುಟವನ್ನೇ ಬಿಚ್ಚಿ ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಸುದ್ದಿ ಹಳಸಿರುತ್ತದೆ.

ದೊರೆಸ್ವಾಮಿಯವರು ಪತ್ರಿಕೆಯನ್ನು ಹಿಂದೂಪುರಕ್ಕೆ ಒಯ್ದರು. ಬೆಂಗಳೂರಿಂದ ಸುಮಾರು 100 ಕಿಲೋಮೀಟರ್, ಗುಂತಕಲ್ ರೈಲುಹಾದಿಯ ಊರು. ಮೈಸೂರಿನ ಕಾನೂನು ಅಲ್ಲಿ ನಡೆಯುತ್ತಿರಲಿಲ್ಲ. ಆಗ ಅದು ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು, ಮದರಾಸಿನಲ್ಲಿ ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಕಾಂಗ್ರೆಸ್ ಮಂತ್ರಿಮಂಡಲವಿತ್ತು. ಪೌರವಾಣಿಯ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವುದು ಇದೇ. ಮೈಸೂರಿನಲ್ಲಿ ಸರ್ಕಾರದ ಎದುರಾಳಿಯಾಗಿದ್ದ ಪತ್ರಿಕೆ ಗಡಿ ದಾಟಿದೊಡನೆ ಆಳುವ ಪಕ್ಷದ ನೆರಳಿಗೆ ಬಂತು. ಪತ್ರಿಕೆಯೊಂದನ್ನು ಪಕ್ಷಪಾತಿ ಎನ್ನುವ ಮೊದಲು ಅದರ ಮುದ್ರಣಾಲಯ ಯಾರ ಆಡಳಿತದಲ್ಲಿತ್ತು, ಓದುಗರು ಎಲ್ಲಿದ್ದರು ಎಂದು ನೋಡಬೇಕು.

ನಮ್ಮ ದಾವಣಗೆರೆ ಸೀಮೆಯವರಿಗೆ ಗಡಿಯ ಈ ಮಾತು ಬೇಗ ಅರ್ಥವಾಗುತ್ತದೆ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಅಂದು ಮುಂಬಯಿ ಪ್ರಾಂತ್ಯ. ಅಲ್ಲೂ ಕಾಂಗ್ರೆಸ್ಸಿನದೇ ಆಡಳಿತ, ಬಿ.ಜಿ. ಖೇರ್ ಆ ಪ್ರಾಂತ್ಯದ ಪ್ರಧಾನಿ. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಪತ್ರಿಕೆ 1933ರಿಂದ ಹುಬ್ಬಳ್ಳಿಯಲ್ಲಿತ್ತು, ಅದೂ ಮೈಸೂರಿನ ಕಾನೂನಿನ ಹಂಗಿಲ್ಲದೆ. ಹೊಳೆಯ ಎರಡು ದಡದಲ್ಲೂ ಒಂದೇ ಕನ್ನಡ; ಅಚ್ಚು ಹಾಕಬಹುದಾದ ಮಾತು ಮಾತ್ರ ಬೇರೆ ಬೇರೆ. 1956ರ ನವೆಂಬರ್ 1ರ ತನಕ ಆ ಗಡಿ ಉಳಿದಿತ್ತು.

1947ರ ಅಕ್ಟೋಬರ್ 25ರಂದು ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಪಕ್ಷ ಗೆದ್ದಿತು, ಆದರೆ ದೊರೆಸ್ವಾಮಿಯವರು ಅಧಿಕಾರದ ಕಡೆ ಹೋಗಲಿಲ್ಲ. ಭೂದಾನಕ್ಕೆ, ಏಕೀಕರಣಕ್ಕೆ ದುಡಿದರು. 1975ರ ತುರ್ತುಪರಿಸ್ಥಿತಿಯಲ್ಲಿ ಅವರನ್ನು ಸೆರೆಗೆ ತಳ್ಳಿದ್ದು ಕಾಂಗ್ರೆಸ್ ಸರ್ಕಾರವೇ. ಇಂದು ಪೌರವಾಣಿಯನ್ನು ಓದುವವರು ಅದರಲ್ಲಿ ದಿವಾನರ ಕಡೆಯ ವಾದಕ್ಕೆ ನ್ಯಾಯ ಹುಡುಕಬಾರದು. ಅದಕ್ಕೆ ಸರ್ಕಾರಿ ಕಡತಗಳಿವೆ. ಆದರೆ ಅದನ್ನು ಪಕ್ಷದ ಕರಪತ್ರವೆಂದು ಬದಿಗಿಡಲು ನಾನು ಒಪ್ಪಲಾರೆ. ಅದರ ಸಂಪಾದಕರು 1947ರಲ್ಲಿ ಸರ್ಕಾರವನ್ನು ಕೇಳಿದ್ದನ್ನೇ 1975ರಲ್ಲೂ ಕೇಳಿದರು.