ರಕೂನಾಯ್ ಗ್ರಾಮದ ಉಪದೇಶಿ

ಧರ್ಮಕೇಂದ್ರವೊಂದರ ನೂರು ವರ್ಷಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ವಿಚಾರಣಾ ಗುರುಗಳ ನಾಮಾವಳಿಯಿಂದ ಆರಂಭಿಸುತ್ತಾರೆ. ದೇವಾಲಯಕ್ಕೆ ಅಡಿಗಲ್ಲನ್ನಿಟ್ಟವರು ಯಾರು, ಗಂಟೆಗೋಪುರವನ್ನು ಕಟ್ಟಿಸಿದವರು ಯಾರು ಎಂಬುದನ್ನು ಆದರದಿಂದ ಸ್ಮರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಗುರುಗಳಿಲ್ಲದ ದಿನಗಳಲ್ಲಿ ಮಕ್ಕಳಿಗೆ ಜಪಗಳನ್ನು ಕಲಿಸಿದವರು, ರೋಗಿಗಳ ಹಾಸಿಗೆಯ ಬಳಿ ಮೊಣಕಾಲೂರಿದವರು ಉಪದೇಶಿಗಳು. ಅವರ ಹೆಸರುಗಳು ಬಹುಬೇಗ ಮರೆಯಾಗಿಬಿಡುತ್ತವೆ. ಈ ಶತಮಾನೋತ್ಸವದ ಸಂದರ್ಭದಲ್ಲಿ ಅಂತಹ ಒಬ್ಬ ಹಳ್ಳಿಯ ಉಪದೇಶಿಯ ಜೀವನ ಹಾಗೂ ಮರಣವನ್ನು ಭಕ್ತವಿಶ್ವಾಸಿಗಳ ಮುಂದಿಡಬಯಸುತ್ತೇವೆ. ಅವರು ನಮ್ಮ ನಾಡಿನವರಲ್ಲ. ದೂರದ ಪಪುವಾ ನ್ಯೂಗಿನಿಯವರು. ಗುರುದೀಕ್ಷೆಯಾಗಲಿ ಡೀಕನ್ ದೀಕ್ಷೆಯಾಗಲಿ ಅವರಿಗೆ ಆಗಿರಲಿಲ್ಲ. ಅವರೇ ಸಂತ ಪೀಟರ್ ತೊ ರೊಟ್.

ನ್ಯೂಬ್ರಿಟನ್ ದ್ವೀಪದ ರಬೌಲ್ ಪಟ್ಟಣಕ್ಕೆ ಸಮೀಪದ ರಕೂನಾಯ್ ಗ್ರಾಮದಲ್ಲಿ 1912ರಲ್ಲಿ ಪೀಟರ್ ಜನಿಸಿದರು. ಆ ದ್ವೀಪಕ್ಕೆ ಯೇಸುವಿನ ತಿರುಹೃದಯ ಸಭೆಯ ಗುರುಗಳು ಬಂದದ್ದು 1882ರಲ್ಲಿ. ತಂದೆ ಆಂಜೆಲೊ ತೊ ಪುಯಿಯ ಗ್ರಾಮದ ಮುಖಂಡರು. ಆ ಊರಿನ ಕ್ರೈಸ್ತರಲ್ಲಿ ಮೊದಲ ತಲೆಮಾರಿನವರು. ಹುಡುಗನನ್ನು ಗುರುಪಟ್ಟಕ್ಕೆ ಓದಿಸಬಹುದೆಂದು ಅಲ್ಲಿನ ಗುರುಗಳು ಸೂಚಿಸಿದಾಗ, ತಮ್ಮ ಜನ ಇನ್ನೂ ಅದಕ್ಕೆ ಪಕ್ವವಾಗಿಲ್ಲವೆಂದೂ, ಮಗ ಉಪದೇಶಿಯಾಗಲೆಂದೂ ತಂದೆ ಒಪ್ಪಿಗೆ ಕೊಟ್ಟರು. 1930ರಲ್ಲಿ ತಾಲಿಲಿಗಾಪ್‌ನ ಸಂತ ಪೌಲರ ವಿದ್ಯಾಲಯವನ್ನು ಸೇರಿದ ಪೀಟರ್, ಉಪದೇಶಿಯ ಶಿಲುಬೆಯನ್ನು ಧರಿಸಿ ಸ್ವಗ್ರಾಮಕ್ಕೆ ಹಿಂದಿರುಗಿದರು. ಬೈಬಲ್ ಗ್ರಂಥ ಸದಾ ಅವರ ಕೈಯಲ್ಲಿರುತ್ತಿತ್ತು. 1936ರ ನವೆಂಬರ್ 11ರಂದು ಪೌಲಾ ಇಯ ವರ್ಪಿತ್ ಅವರನ್ನು ದೇವಾಲಯದಲ್ಲಿ ವಿವಾಹವಾದರು.

1942ರ ಜನವರಿಯಲ್ಲಿ ಜಪಾನಿ ಸೇನೆ ರಬೌಲನ್ನು ವಶಪಡಿಸಿಕೊಂಡಿತು. ಗುರುಗಳೂ ಕನ್ಯಾಸ್ತ್ರೀಯರೂ ಸೆರೆಶಿಬಿರಕ್ಕೆ ಸೇರಿದರು. ರಕೂನಾಯ್‌ನ ಹೊಣೆ ಮೂವತ್ತು ವರ್ಷದ ಉಪದೇಶಿಯ ಹೆಗಲಿಗೆ ಬಿತ್ತು. ದೇವಾಲಯ ನಾಶವಾದಾಗ ಪೀಟರ್ ಊರ ಹೊರಗೆ ಮರದ ಕೊಂಬೆಗಳಿಂದ ಪ್ರಾರ್ಥನಾ ಗುಡಿಸಲನ್ನು ಕಟ್ಟಿದರು. ಶಿಶುಗಳಿಗೆ ಜ್ಞಾನಸ್ನಾನವಿತ್ತರು, ರೋಗಿಗಳನ್ನು ಸಂದರ್ಶಿಸಿದರು, ವಿವಾಹಗಳಿಗೆ ಸಾಕ್ಷಿಯಾದರು. ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆಗಳನ್ನೂ ಜಾಗರೂಕತೆಯಿಂದ ಇರಿಸಿದರು. ಬಲಿಪೂಜೆಯನ್ನು ಅರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ತಮಗಿಲ್ಲವೆಂಬುದನ್ನು ಅವರು ಬಲ್ಲರು. ತಮಗೆ ಒಪ್ಪಿಸಿದ್ದರಲ್ಲಿ ಮಾತ್ರ ಯಾವುದನ್ನೂ ಬಿಡಲಿಲ್ಲ. ಗುರುಗಳಾದ ನಮಗೆ ಇದೊಂದು ಪಾಠವಾಗಿದೆ.

ಯುದ್ಧ ಪ್ರತಿಕೂಲವಾಗುತ್ತ ಬಂದಂತೆ ಸೈನ್ಯಾಧಿಕಾರಿಗಳು ಪ್ರಾರ್ಥನಾ ಕೂಟಗಳನ್ನು ನಿಷೇಧಿಸಿದರು. ಸ್ಥಳೀಯ ಮುಖಂಡರನ್ನು ಒಲಿಸಿಕೊಳ್ಳುವ ಸಲುವಾಗಿ ಹಿಂದಿನ ಬಹುಪತ್ನೀತ್ವಕ್ಕೂ ಅನುಮತಿಯಿತ್ತರು. ಸುಮ್ಮನಿದ್ದಿದ್ದರೆ ಪೀಟರ್ ಬದುಕುತ್ತಿದ್ದರೇನೋ. ಆದರೆ ದೇವರ ಮುಂದೆ ಕೂಡಿಸಿದ್ದನ್ನು ಅಧಿಕಾರದ ಬಲದಿಂದ ಬಿಡಿಸಲಾಗದೆಂದು ಅವರು ಬಹಿರಂಗವಾಗಿ ಬೋಧಿಸಿದರು. ಎರಡನೆಯ ಹೆಂಡತಿಯನ್ನು ಬಯಸಿದ್ದ ಊರಿನವನೊಬ್ಬನ ಹಗೆಯೂ ಅವರಿಗೆ ತಗುಲಿತು. 1945ರಲ್ಲಿ ಬಂಧಿತರಾಗಿ, ಎರಡು ತಿಂಗಳ ಸೆರೆವಾಸಕ್ಕೆ ಗುರಿಯಾದರು.

ಪತ್ನಿ ಪೌಲಾ ಆಗ ಗರ್ಭಿಣಿ. ಉಪದೇಶಿಯ ಕೆಲಸ ಬಿಟ್ಟು ಮನೆಗೆ ಬನ್ನಿರೆಂದು ಆಕೆ ಬೇಡಿಕೊಂಡರು. ಆ ಬೇಡಿಕೆಯನ್ನು ಯಾರು ತಾನೇ ಹಳಿಯಬಲ್ಲರು? ಅದು ತಮ್ಮ ಕರ್ತವ್ಯವೆಂದು ಪೀಟರ್ ಉತ್ತರಿಸಿದರು. ತಮ್ಮ ಶಿಲುಬೆಯನ್ನೂ ಒಳ್ಳೆಯ ಉಡುಪನ್ನೂ ತಂದುಕೊಡುವಂತೆ ಕೇಳಿದರು. ವೈದ್ಯನೊಬ್ಬ ಬಂದು ಔಷಧ ಕೊಡುವನೆಂದು ಸೆರೆಯವರು ಹೇಳಿದ್ದರು. ಕಾಯಿಲೆಯಿಲ್ಲದವನಿಗೆ ಔಷಧವೇಕೆ ಎಂಬ ಶಂಕೆಯನ್ನು ಅವರು ತಾಯಿಗೆ ತಿಳಿಸಿದ್ದರು. ಅದೇ ಜುಲೈ ತಿಂಗಳ ರಾತ್ರಿ ವಿಷದ ಚುಚ್ಚುಮದ್ದಿನಿಂದ ಅವರನ್ನು ಕೊಲ್ಲಲಾಯಿತು. ವಯಸ್ಸು ಮೂವತ್ತಮೂರು. ಮುಂದಿನ ತಿಂಗಳೇ ಜಪಾನ್ ಶರಣಾಯಿತು. ಊರಿಗೆ ತಂದ ಪಾರ್ಥಿವ ಶರೀರವನ್ನು ಜನ ಗುಂಪುಗೂಡಿ ಮೌನವಾಗಿ ಸಮಾಧಿ ಮಾಡಿದರು. ಅಂತಿಮ ಸಂಸ್ಕಾರವನ್ನು ನಡೆಸಲು ಗುರುಗಳಿರಲಿಲ್ಲ. ಊರಿನ ಉಪದೇಶಿಯೇ ಶವಪೆಟ್ಟಿಗೆಯಲ್ಲಿದ್ದರು.

1995ರ ಜನವರಿ 17ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಪೋರ್ಟ್ ಮೋರ್ಸ್‌ಬಿ ನಗರದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2025ರ ಅಕ್ಟೋಬರ್ 19ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತಪದವಿಗೇರಿಸಿದರು. ಪಪುವಾ ನ್ಯೂಗಿನಿಗೆ ಅವರೇ ಪ್ರಥಮ ಸಂತರು. ಜುಲೈ 7 ಅವರ ಸ್ಮರಣೆಯ ದಿನ.

ಪ್ರಿಯ ಕ್ರೈಸ್ತಬಾಂಧವರೇ, ನಮ್ಮ ಹಿರಿಯರಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದ ಕೈಗಳು ಯಾರವು? ನಿಮ್ಮ ಮನೆಯ ವೃದ್ಧರನ್ನು ಕೇಳಿರಿ. ಅವರು ನೆನೆವ ಉಪದೇಶಿಗಳ ಹೆಸರನ್ನು ಬರೆದು ಗುರುಮನೆಗೆ ತಲುಪಿಸಿರಿ. ಸಕಲ ಮೃತರ ಸ್ಮರಣೆಯ ದಿನ ಆ ಹೆಸರುಗಳನ್ನು ಪೀಠದ ಮುಂದೆ ಓದಿ, ಅವರಿಗಾಗಿ ಬಲಿಪೂಜೆಯನ್ನು ಅರ್ಪಿಸುತ್ತೇವೆ. ನೂರು ವರ್ಷಗಳ ಋಣದಲ್ಲಿ ಅಷ್ಟನ್ನಾದರೂ ತೀರಿಸೋಣ.